ಯಳಂದೂರು ಸೀಮೆಯಲ್ಲಿ ನಾಲ್ಕು ದಿನ

ಯಾತ್ರೆಯೆಂದರೆ ಪುಣ್ಯಕ್ಷೇತ್ರಕ್ಕೆ ಹೋಗುವುದು, ಇಲ್ಲವೆ ದೇಶ ನೋಡುವುದು ಎಂದು ಸಾಮಾನ್ಯವಾಗಿ ನಾವೆಲ್ಲರೂ ತಿಳಿದಿರುವೆವು. ಕಳೆದ ಕಾರ್ತಿಕಮಾಸದಲ್ಲಿ ನಾವು ಕೈಗೊಂಡ ಯಾತ್ರೆಯು ಈ ಎರಡು ಬಗೆಗೂ ಸೇರಿದುದಲ್ಲ. ಯಳಂದೂರಿಗೆ ಸಮೀಪದ ನಮ್ಮ ಹುಟ್ಟೂರಿನಲ್ಲಿ ಒಂಟಿಯಾಗಿರುವ ಅಕ್ಕಯ್ಯನನ್ನು ಮೈಸೂರಿಗೆ ಕರೆತಂದುಬಿಡಬೇಕೆಂಬ ಒಂದೇ ಸಂಕಲ್ಪದಿಂದ ನಾವು ಹೊರಟುದು. ಅವಳಿಗೆ ಎಪ್ಪತ್ತನಾಲ್ಕು ವರುಷ. ರಕ್ತದೊತ್ತಡ, ಸಕ್ಕರೆ ಕಾಯಿಲೆ ಎರಡೂ ಉಂಟು. ಭಾವನವರು ಕಾಲವಾಗಿ ಆರು ವರುಷವಾಯಿತು. ಇರುವ ಒಬ್ಬ ಮಗನು ಪುಣೆಯಲ್ಲಿ ಉದ್ಯೋಗದಲ್ಲಿರುವನು. ನಮ್ಮ ಮನೆಯವರು ಅವಳಿಗಾಗಿ ಬೀದಿಯ ಕಡೆಯ ಕೊಠಡಿಯನ್ನು ಗುಡಿಸಿ, ಸಾರಿಸಿ, ಮಂಚ ಹಾಕಿ ಸಿದ್ಧಪಡಿಸಿದ್ದರು.

ನವಮಿಯ ಬೆಳಗ್ಗೆ ಚಾಮರಾಜನಗರದ ರೈಲನ್ನು ಹತ್ತಿದೆವು. ನಂಜನಗೂಡಿನ ಬಳಿ ಕಪಿಲೆಯು ತುಂಬಿ ಹರಿಯುತ್ತಿದ್ದಳು. ೧೭೩೫ರಲ್ಲಿ ಕಟ್ಟಿದುದೆಂದು ಹೇಳುವ ಹಳೆಯ ಕಲ್ಲಿನ ಸೇತುವೆಯು ಪಕ್ಕದಲ್ಲಿ ಕಾಣಿಸಿತು. ಒಂದು ಕಾಲದಲ್ಲಿ ರೈಲು ಸಹ ಅದರ ಮೇಲೆಯೇ ಸಾಗುತ್ತಿದ್ದಿತು. ಈ ಊರಿನ ಒಡೆಯನಾದ ಶ್ರೀಕಂಠೇಶ್ವರನು ದೇವರು ಮಾತ್ರವಲ್ಲ, ವೈದ್ಯನೂ ಹೌದು. ತನ್ನ ಪಟ್ಟದಾನೆಯ ಕಣ್ಣು ವಾಸಿಯಾಯಿತೆಂದು ಟಿಪ್ಪುವು ಆತನನ್ನು ಹಕೀಮ ನಂಜುಂಡನೆಂದು ಕರೆದು ಪಚ್ಚೆಲಿಂಗವನ್ನು ಒಪ್ಪಿಸಿದನೆಂಬ ಐತಿಹ್ಯವನ್ನು ಕೇಳದ ಮೈಸೂರಿನವರಿಲ್ಲ. ೧೯೧೩ರಲ್ಲಿ ಆರಂಭವಾದ ಸದ್ವೈದ್ಯಶಾಲೆಯೂ, ಅದರ ಹಲ್ಲುಪುಡಿಯೂ ಈ ಊರಿನ ಹೆಸರನ್ನು ಮನೆಮನೆಗೆ ಮುಟ್ಟಿಸಿದುವು. ನಿಲ್ದಾಣದಲ್ಲಿ ಇಳಿದವರ ನಡುವೆ ಕಾಲು ಬಾತ ಮುದುಕಿಯೊಬ್ಬಳು ಮಗನ ಹೆಗಲನ್ನು ಹಿಡಿದು ನಡೆಯುತ್ತಿದ್ದಳು. ರೋಗಿಯು ವೈದ್ಯನಿರುವ ಎಡೆಗೆ ಹೋಗುವುದು ಅನಾದಿಯಿಂದ ಬಂದ ಪದ್ಧತಿ. ಅದು ತಿರುಗಿ, ವೈದ್ಯನೇ ರೋಗಿಯಿರುವ ಎಡೆಗೆ ಬರುವ ಹಾಗಾದರೆ ಹೇಗೆ? ಈ ಯೋಚನೆಯು ಅಂದು ನಮ್ಮ ತಲೆಗೆ ಬಂದುದಲ್ಲ. ಮುಂದಿನ ಮೂರು ದಿನಗಳಲ್ಲಿ ಕಂಡುದರಿಂದ ಈಗ ತೋರುತ್ತಿರುವುದು.

ಚಾಮರಾಜನಗರದಲ್ಲಿ ಬಸ್ಸಿಗೆ ಎರಡು ಗಂಟೆ ಹೊತ್ತು ಇದ್ದುದರಿಂದ ಚಾಮರಾಜೇಶ್ವರನ ದರ್ಶನವನ್ನು ಮಾಡಿಬಂದೆವು. ಪೂರ್ವದಲ್ಲಿ ಅರಿಕುಠಾರವೆನಿಸಿದ್ದ ಈ ಊರಿನಲ್ಲಿ ತಮ್ಮ ತಂದೆಯವರಾದ ಚಾಮರಾಜ ಒಡೆಯರು ಜನಿಸಿದರೆಂದು ಮುಮ್ಮಡಿ ಕೃಷ್ಣರಾಜ ಒಡೆಯರು ಊರಿಗೆ ಅವರ ಹೆಸರನ್ನಿಟ್ಟು, ೧೮೨೬ರಲ್ಲಿ ಈ ದೇವಾಲಯವನ್ನು ಕಟ್ಟಿಸಿದರು. ಇದೇ ಊರಿಗೆ ಇನ್ನೊಂದು ವಿಶೇಷವುಂಟು. ೨೦೦೨ರ ಸುಮಾರಿನಲ್ಲಿ ಇಸ್ರೋ ಸಂಸ್ಥೆಯವರು ಇಲ್ಲಿಯ ಜಿಲ್ಲಾಸ್ಪತ್ರೆಯನ್ನೂ, ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯನ್ನೂ ಉಪಗ್ರಹದ ಮೂಲಕ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿದರು. ಅದಕ್ಕೆ ಎರಡು ವರುಷ ಮೊದಲು, ೨೦೦೦ದಲ್ಲಿ, ಚಿತ್ತೂರು ಜಿಲ್ಲೆಯ ಅರಗೊಂಡವೆಂಬ ಹಳ್ಳಿಯಲ್ಲಿ ಅಪೋಲೋ ಆಸ್ಪತ್ರೆಯವರು ಇಂಥದೇ ಪ್ರಯತ್ನವನ್ನು ಮಾಡಿದ್ದರು. ಆ ಉಪಗ್ರಹವು ಭೂಮಿಯಿಂದ ಸುಮಾರು ೩೬,೦೦೦ ಕಿಲೋಮೀಟರು ಎತ್ತರದಲ್ಲಿರುವುದು. ಅಂಥವುಗಳ ಚಲನೆಯನ್ನು ನಮ್ಮ ಹಾಸನದ ಕೇಂದ್ರದಲ್ಲಿ ಕುಳಿತು ನಿಯಂತ್ರಿಸುವರು. ಚಾಮರಾಜನಗರದಲ್ಲಿ ತೆಗೆದ ಹೃದಯದ ರೇಖಾಲೇಖವು ಮುಗಿಲಿಗೆ ಏರಿ ಬೆಂಗಳೂರಿಗೆ ಇಳಿಯಲು ಕಾಲು ಸೆಕೆಂಡು ಸಾಕಾಗುವುದು.

ಕಾಲು ಸೆಕೆಂಡು! ಈ ಮಾತನ್ನು ಬರೆಯುವಾಗ ನಮ್ಮ ಲೇಖನಿಯು ನಿಂತಿತು. ೧೯೮೧ರ ಒಂದು ರಾತ್ರಿ ನಮ್ಮ ತಾಯಿಯವರಿಗೆ ಎದೆನೋವು ಬಂದಿತು. ಆಗ ನಮಗೆ ಹದಿನಾರು ವರುಷ. ಎತ್ತಿನ ಗಾಡಿಯಲ್ಲಿ ಹುಲ್ಲು ಹಾಸಿ ಮಲಗಿಸಿಕೊಂಡು ಹತ್ತಿರದ ಆಸ್ಪತ್ರೆಗೆ ಹೋದರೆ ವೈದ್ಯರು ಊರಿನಲ್ಲಿರಲಿಲ್ಲ. ಬೆಳಗಿನ ಜಾವದ ಬಸ್ಸಿಗೆ ಕಾದು ಮೈಸೂರಿಗೆ ಹೊರಟೆವು. ತಿರುಮಕೂಡಲಿನ ಸಂಗಮವು ಕಾಣುವ ಹೊತ್ತಿಗೆ ಅಕ್ಕಯ್ಯನ ತೊಡೆಯ ಮೇಲೆ ತಲೆಯಿಟ್ಟಿದ್ದ ಹಾಗೆಯೇ ಅವರ ಪ್ರಾಣವು ಹೋಯಿತು. ನಾವು ಅಕ್ಕಯ್ಯನನ್ನು ಊರಿನಿಂದ ಕರೆತರಬೇಕೆಂದುದಕ್ಕೂ, ಆಕೆ ಊರನ್ನು ಬಿಟ್ಟು ಬರಲೊಲ್ಲೆನೆಂದುದಕ್ಕೂ ಕಾರಣವು ಆ ಒಂದೇ ರಾತ್ರಿಯಾಗಿರುವುದು. ನಾವು ದಾರಿಯಲ್ಲಿ ಸಾಯಬಾರದೆಂದು ಆಸ್ಪತ್ರೆಯ ಹತ್ತಿರದಲ್ಲಿ ಮನೆ ಮಾಡಿಕೊಂಡೆವು. ಆಕೆ ದಾರಿಯಲ್ಲಿ ಸಾಯಬಾರದೆಂದು ಮನೆಯಲ್ಲಿಯೇ ಉಳಿದಳು.

ಬಸ್ಸು ಸಂತೇಮರಹಳ್ಳಿಯನ್ನು ದಾಟಿ ಯಳಂದೂರನ್ನು ಸೇರಿತು. ದಿವಾನ್ ಪೂರ್ಣಯ್ಯನವರಿಗೆ ೧೮೦೭ರಲ್ಲಿ ಜಹಗೀರಾಗಿ ದೊರೆತ ಊರಿದು; ಹದಿಬದೆಯ ಧರ್ಮವನ್ನು ಬರೆದ ಸಂಚಿಯ ಹೊನ್ನಮ್ಮನ ತವರೂ ಇದೇ. ಗೌರೀಶ್ವರ ದೇವಾಲಯದ ಬಳೆಮಂಟಪದಲ್ಲಿ ಒಂದೇ ಕಲ್ಲಿನಲ್ಲಿ ಕಡೆದ ಬಳೆಗಳ ಸರಪಣಿಯು ಈಗಲೂ ತೂಗುತ್ತಿರುವುದು. ಸುವರ್ಣಾವತಿಯ ನೀರು ಉಂಡ ಗದ್ದೆಗಳು ಹಸುರಾಗಿದ್ದುವು. ಪೂರ್ವದಿಕ್ಕಿಗೆ ಬಿಳಿಗಿರಿರಂಗನ ಬೆಟ್ಟವು ಮೋಡವನ್ನು ಹೊದ್ದು ಮಲಗಿದ್ದಿತು.

ಅಕ್ಕಯ್ಯನು ಬಾಗಿಲಲ್ಲಿಯೇ ಕಾದಿದ್ದಳು. ನಮ್ಮ ಕೈಚೀಲವನ್ನು ನೋಡಿದವಳೇ, "ಏನೋ, ನನ್ನ ಬಟ್ಟೆ ತುಂಬೋದಕ್ಕೆ ಇಷ್ಟು ದೊಡ್ಡ ಚೀಲ ತಂದಿದ್ದೀಯಾ?" ಎಂದಳು. ಉತ್ತರವನ್ನು ಕೊಡಲು ನಮಗೆ ಧೈರ್ಯವಾಗಲಿಲ್ಲ. ಊಟವಾದ ಮೇಲೆ ಅವಳೇ ಮಾತೆತ್ತಿ, "ನಾಳೆ ದಶಮಿ. ನನ್ನ ಡಾಕ್ಟರನ್ನ ನೋಡೋದಿದೆ. ನೀನೂ ಬಾ. ನೋಡಿದ ಮೇಲೆ ಮಾತಾಡು" ಎಂದಳು.

ಮರುದಿನ ಹತ್ತು ಗಂಟೆಗೆ ಊರ ತುದಿಯ ಆಯುಷ್ಮಾನ್ ಆರೋಗ್ಯ ಮಂದಿರಕ್ಕೆ ಹೋದೆವು. ಮೊದಲು ಉಪಕೇಂದ್ರವೆಂದು ಕರೆಯುತ್ತಿದ್ದ ಎರಡು ಕೋಣೆಯ ಕಟ್ಟಡವದು. ಅಲ್ಲಿ ವೈದ್ಯರಿಲ್ಲ, ಶುಶ್ರೂಷಾಶಾಸ್ತ್ರವನ್ನು ಓದಿದ ಸಮುದಾಯ ಆರೋಗ್ಯಾಧಿಕಾರಿಣಿಯೊಬ್ಬಳು ಇರುವಳು. ಇಪ್ಪತ್ತಾರು ಇಪ್ಪತ್ತೇಳರ ಹುಡುಗಿ, ಅದೇ ಊರಿನಲ್ಲಿ ಬಾಡಿಗೆಗೆ ಮನೆ ಹಿಡಿದಿರುವಳು. ಅಕ್ಕಯ್ಯನ ರಕ್ತದೊತ್ತಡವನ್ನು ಅಳೆದು, ಬೆರಳಿನ ತುದಿಯಿಂದ ಒಂದು ಹನಿ ರಕ್ತವನ್ನು ತೆಗೆದು ಸಕ್ಕರೆಯನ್ನು ನೋಡಿ, ಎಲ್ಲವನ್ನೂ ಗಣಕಯಂತ್ರದಲ್ಲಿ ಬರೆದಳು. ಇ-ಸಂಜೀವನಿಯೆಂಬ ಸರ್ಕಾರದ ವ್ಯವಸ್ಥೆಯಿದು. ೨೦೧೯ರ ನವೆಂಬರಿನಲ್ಲಿ ಮೊದಲಾಗಿ, ೨೦೨೩ರ ಫೆಬ್ರವರಿಯ ಹೊತ್ತಿಗೆ ದೇಶದಲ್ಲಿ ಹತ್ತು ಕೋಟಿ ಸಂದರ್ಶನಗಳನ್ನು ಮುಗಿಸಿತ್ತು. ಹಳ್ಳಿಯ ಕೇಂದ್ರವು ಚಕ್ರದ ಅರದಂತೆ. ವೈದ್ಯರು ಕುಳಿತಿರುವ ಕೇಂದ್ರವು ಗುಂಬದಂತೆ. ಹೆಸರನ್ನು ಕೇಳಿ ನಾವು ಅಕ್ಕಯ್ಯನಿಗೆ ಆಂಜನೇಯನ ಕಥೆಯನ್ನು ನೆನಪಿಸಿದೆವು. ಅವಳು, "ಅವನು ಬೆಟ್ಟಾನೇ ಹೊತ್ತು ತಂದ. ಈ ಮಗು ಒಂದು ಚೀಟಿಯಲ್ಲಿ ಮುಗಿಸುತ್ತೆ" ಎಂದು ನಕ್ಕಳು.

ಸ್ವಲ್ಪ ಹೊತ್ತಿಗೆ ತೆರೆಯ ಮೇಲೆ ಯುವಕ ವೈದ್ಯರೊಬ್ಬರು ಕಾಣಿಸಿಕೊಂಡು ತಮ್ಮ ಹೆಸರನ್ನು ಹೇಳಿ ನಮಸ್ಕರಿಸಿದರು. ನಿದ್ರೆ ಹೇಗೆ, ಕಣ್ಣು ಹೇಗೆ, ಅಂಗಾಲು ಜೋಮು ಹಿಡಿಯುವುದೇ ಎಂದು ಕೇಳಿದರು. "ಪಾದದ ಹತ್ತಿರ ಒತ್ತಿ ನೋಡಿ ಸಿಸ್ಟರ್" ಎಂದರು. ಆ ಹುಡುಗಿಯು ನೆಲದ ಮೇಲೆ ಕುಳಿತು, ಅಕ್ಕಯ್ಯನ ಕಾಲನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, "ಗುಳಿ ಬೀಳುವುದಿಲ್ಲ ಸರ್" ಎಂದಳು. ನಮ್ಮ ಆಯುರ್ವೇದದ ಗ್ರಂಥಗಳಲ್ಲಿ ರೋಗಿಯನ್ನು ಪರೀಕ್ಷಿಸುವುದಕ್ಕೆ ದರ್ಶನ, ಸ್ಪರ್ಶನ, ಪ್ರಶ್ನವೆಂದು ಮೂರು ಉಪಾಯಗಳನ್ನು ಹೇಳಿರುವುದು. ನೋಡುವುದು ಮತ್ತು ಕೇಳುವುದು ತಂತಿಯ ಮೇಲೆ ಸಾಗಿದುವು. ಮುಟ್ಟುವುದು ಮಾತ್ರ ಸಾಗದೆ, ಆ ಹುಡುಗಿಯ ಹೆಬ್ಬೆರಳನ್ನು ಆಶ್ರಯಿಸಿತು.

ಕೊನೆಯಲ್ಲಿ ವೈದ್ಯರು, "ಸಕ್ಕರೆ ಜಾಸ್ತಿ ಇದೆ ಅಮ್ಮ. ಇನ್ನೊಂದು ಮಾತ್ರೆ ಸೇರಿಸುತ್ತೇನೆ. ಬೆಳಗಿನ ತಿಂಡಿಗೆ ಮುಂಚೆ ತೆಗೆದುಕೊಳ್ಳಿ. ಊಟ ತಿಂಡಿ ಹೊತ್ತಿಗೆ ಸರಿಯಾಗಿ ಮಾಡುತ್ತೀರಿ ತಾನೆ? ಉಪವಾಸ ಗಿಪವಾಸ ಇಲ್ಲವಷ್ಟೆ?" ಎಂದು ಕೇಳಿದರು.

"ಏನೂ ಇಲ್ಲಪ್ಪ" ಎಂದಳು ಅಕ್ಕಯ್ಯನು. ಎಂದವಳು ನಮ್ಮ ಕಡೆಗೆ ಒಮ್ಮೆ ನೋಡಿದಳು.

ಮರುದಿನವೇ ಉತ್ಥಾನ ಏಕಾದಶಿ. ಐವತ್ತು ವರುಷದಿಂದ ಆ ದಿನ ಅವಳು ತುಟಿಗೆ ನೀರನ್ನು ಸಹ ಸೋಕಿಸಿದವಳಲ್ಲ. ನಮಗೆ ಇದು ಚೆನ್ನಾಗಿ ತಿಳಿದಿದ್ದಿತು. ಆದರೆ ಹಿರಿಯಳ ಮಾತನ್ನು ಪರರ ಎದುರಿಗೆ ಅಲ್ಲವೆನ್ನುವುದು ಹೇಗೆ? ನಾವು ಸುಮ್ಮನಿದ್ದೆವು. ಮೂವತ್ತೈದು ವರುಷ ಮಕ್ಕಳಿಗೆ ಸತ್ಯವನ್ನು ನುಡಿಯಿರೆಂದು ಬೋಧಿಸಿದ ನಾವು, ನುಡಿಯಲೇಬೇಕಾದ ಒಂದು ಸತ್ಯವನ್ನು ಸಂಕೋಚದಿಂದ ನುಂಗಿಕೊಂಡೆವು.

ಆ ಸಂಜೆ ಜಗಲಿಯ ಮೇಲೆ ಕುಳಿತು ಅಕ್ಕಯ್ಯನೊಡನೆ ಈ ವಿದ್ಯೆಯ ಪೂರ್ವಕಥೆಯನ್ನು ಮಾತನಾಡಿದೆವು. ೧೯೦೫ರಲ್ಲಿ ಹಾಲೆಂಡಿನ ಲೈಡನ್ ನಗರದಲ್ಲಿ ಐಂಥೋವನ್ ಎಂಬ ಪಂಡಿತರು, ಆಸ್ಪತ್ರೆಯಲ್ಲಿದ್ದ ರೋಗಿಯ ಹೃದಯದ ಬಡಿತವನ್ನು ಸುಮಾರು ಒಂದೂವರೆ ಕಿಲೋಮೀಟರು ದೂರದ ತಮ್ಮ ಪ್ರಯೋಗಶಾಲೆಗೆ ಟೆಲಿಫೋನಿನ ತಂತಿಯಿಂದ ತರಿಸಿಕೊಂಡರು. ಆಸ್ಟ್ರೇಲಿಯದಲ್ಲಿ ೧೯೨೮ರಿಂದ ವೈದ್ಯರು ವಿಮಾನವೇರಿ ಮರುಭೂಮಿಯ ಒಂಟಿಮನೆಗಳಿಗೆ ಹೋಗತೊಡಗಿದರು. ಮರುವರುಷವೇ ಬೈಸಿಕಲ್ಲಿನಂತೆ ಕಾಲಿನಿಂದ ತುಳಿದು ವಿದ್ಯುತ್ತನ್ನು ಹುಟ್ಟಿಸುವ ರೇಡಿಯೋ ಬಂದಿತು. ಅನಂತರ ೧೯೪೨ರಲ್ಲಿ ಮನೆಗಳಿಗೆ ಔಷಧದ ಪೆಟ್ಟಿಗೆಗಳನ್ನು ಕೊಟ್ಟು, ಪ್ರತಿಯೊಂದು ಔಷಧಕ್ಕೂ ಒಂದು ಅಂಕೆಯನ್ನು ಹಾಕಿದರು. ಹೆಸರನ್ನು ಓದಲು ತಿಳಿಯದ ಗೃಹಿಣಿಗೂ ವೈದ್ಯನು ರೇಡಿಯೋದಲ್ಲಿ ಇಂಥ ಅಂಕೆಯ ಔಷಧವನ್ನು ಕೊಡು ಎಂದರೆ ಸಾಕಾಗುತ್ತಿದ್ದಿತು. ಇದನ್ನು ಕೇಳಿ ಅಕ್ಕಯ್ಯನು, "ಆ ಹೆಂಗಸು ಸುಳ್ಳು ಹೇಳಿದರೆ?" ಎಂದಳು, ಮತ್ತೆ ಮಾತನ್ನು ಬೇರೆ ಕಡೆಗೆ ತಿರುಗಿಸಿದಳು.

ಏಕಾದಶಿಯ ಬೆಳಗ್ಗೆ ಅವಳು ಹೊಸ ಮಾತ್ರೆಯನ್ನು ಒಣಗಂಟಲಿನಲ್ಲಿ ನುಂಗಿದುದು ನಮಗೆ ಆಮೇಲೆ ತಿಳಿಯಿತು. ಮಧ್ಯಾಹ್ನದಿಂದ ಹಿಂಗಾರಿನ ಮಳೆಯು ಹಿಡಿಯಿತು. ಸಂಜೆಗೆ ದೀಪ ಹೋಯಿತು. ಅದರ ಹಿಂದೆಯೇ ದೂರವಾಣಿಯ ಸಂಪರ್ಕವೂ ನಿಂತಿತು. ರಾತ್ರಿ ಒಂಬತ್ತಕ್ಕೆ ಅಕ್ಕಯ್ಯನ ಕೋಣೆಯಿಂದ ಗೊಣಗುವ ಧ್ವನಿಯು ಕೇಳಿಸಿತು. ಹೋಗಿ ನೋಡಿದರೆ ಮೈಯೆಲ್ಲಾ ಬೆವತು, ಕೈ ನಡುಗುತ್ತಿದ್ದಿತು. ನಮ್ಮನ್ನು ದಿಟ್ಟಿಸಿ ನೋಡಿ ತಂದೆಯವರ ಹೆಸರಿನಿಂದ ಕರೆದಳು. ೧೦೮ಕ್ಕೆ ಮೂರು ಸಾರಿ ಪ್ರಯತ್ನಿಸಿದೆವು, ಯಂತ್ರವು ಸತ್ತಿದ್ದಿತು. ಮುಗಿಲಿನಲ್ಲಿ ಎಷ್ಟು ಉಪಗ್ರಹಗಳಿದ್ದರೇನು, ನಗರದಲ್ಲಿ ಎಷ್ಟು ವೈದ್ಯರಿದ್ದರೇನು! ನಲವತ್ತು ವರುಷಗಳ ಹಿಂದಿನ ಆ ರಾತ್ರಿಯೇ ತಿರುಗಿ ಬಂದು ಬಾಗಿಲಲ್ಲಿ ನಿಂತಂತೆ ನಮಗೆ ತೋರಿತು. ಪಕ್ಕದ ಮನೆಯವರನ್ನು ಅಕ್ಕಯ್ಯನ ಬಳಿ ಕೂರಿಸಿ, ಛತ್ರಿಯನ್ನೂ ಮರೆತು ಆ ಹುಡುಗಿಯ ಮನೆಗೆ ಓಡಿದೆವು.

ಅವಳು ಟಾರ್ಚನ್ನೂ ಚೀಲವನ್ನೂ ಹಿಡಿದು ನಮಗಿಂತ ಮುಂದಾಗಿ ನಡೆದಳು. ಬೆರಳಿನ ರಕ್ತವನ್ನು ನೋಡಿ, "ನಲವತ್ತೆಂಟಕ್ಕೆ ಇಳಿದಿದೆ. ಇವತ್ತು ಏನು ತಿಂದರು ಮೇಷ್ಟ್ರೆ?" ಎಂದು ಕೇಳಿದಳು. ನಾವು ತಲೆ ತಗ್ಗಿಸಿ ನಿಜವನ್ನು ಹೇಳಿದೆವು. ಅವಳು ಬೈಯಲಿಲ್ಲ. ಅಕ್ಕಯ್ಯನನ್ನು ಎತ್ತಿ ಕೂರಿಸಿ, ನುಂಗಬಲ್ಲಳೇ ಎಂಬುದನ್ನು ಮೊದಲು ಪರೀಕ್ಷಿಸಿ, ಸಕ್ಕರೆಯ ನೀರನ್ನು ಸ್ವಲ್ಪಸ್ವಲ್ಪವಾಗಿ ಕುಡಿಸಿದಳು. ಕಾಲು ಗಂಟೆಯ ಮೇಲೆ ಮತ್ತೆ ನೋಡಿದಳು, ಸಕ್ಕರೆಯು ಏರಿದ್ದಿತು. ಅಕ್ಕಯ್ಯನು ಕಣ್ಣರಳಿಸಿ, ನಾಲಗೆಯ ಮೇಲಿನ ಸಿಹಿಯನ್ನು ತಿಳಿದು, "ನನ್ನ ಏಕಾದಶಿ ಕೆಡಿಸಿದಿರಾ?" ಎಂದು ಅತ್ತಳು.

"ಅಮ್ಮ, ಈ ಮಾತ್ರೆಯ ಬಲ ಇನ್ನೂ ಇಳಿದಿಲ್ಲ, ಸಕ್ಕರೆ ಮತ್ತೆ ಕೆಳಗೆ ಹೋಗಬಹುದು. ಸ್ವಲ್ಪ ಅನ್ನ ಉಣ್ಣಲೇಬೇಕು" ಎಂದಳು ಹುಡುಗಿ. ಆಗ ನಾವು, ರೋಗಿಗಳಿಗೂ ವೃದ್ಧರಿಗೂ ಉಪವಾಸದಲ್ಲಿ ವಿನಾಯಿತಿಯನ್ನು ಧರ್ಮಶಾಸ್ತ್ರಕಾರರೇ ಕೊಟ್ಟಿರುವರೆಂಬುದನ್ನು ಹೇಳಿದೆವು. ಅಕ್ಕಯ್ಯನು, "ಇದನ್ನ ನಿನ್ನೆ ಹೇಳೋಕೆ ಬಾಯಿ ಇರಲಿಲ್ಲವೇನೋ?" ಎಂದಳು. ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಅವಳು ಮೊಸರನ್ನವನ್ನು ಉಂಡಳು. ಹುಡುಗಿಯು ಮನೆಗೆ ಹೋಗದೆ, ಎರಡು ಗಂಟೆಗೊಮ್ಮೆ ರಕ್ತವನ್ನು ನೋಡುತ್ತ ಬೆಳಗಿನವರೆಗೂ ಗೋಡೆಗೊರಗಿ ಕುಳಿತಿದ್ದಳು.

ಆ ದೀರ್ಘವಾದ ರಾತ್ರಿಯಲ್ಲಿ ನಮಗೆ ಚರಕಸಂಹಿತೆಯ ಒಂದು ವಿಚಾರವು ನೆನಪಾಯಿತು. ಚಿಕಿತ್ಸೆಗೆ ವೈದ್ಯ, ಔಷಧ, ಪರಿಚಾರಕ, ರೋಗಿ ಎಂಬುದಾಗಿ ನಾಲ್ಕು ಪಾದಗಳು. ರೋಗಿಗೆ ಇರತಕ್ಕ ಗುಣಗಳಲ್ಲಿ ಜ್ಞಾಪಕತ್ವವು ಒಂದು, ಎಂದರೆ ತನ್ನ ಸ್ಥಿತಿಯನ್ನು ಮರೆಮಾಚದೆ ತಿಳಿಸುವುದು. ವೈದ್ಯನು ಹತ್ತಿರದಲ್ಲಿದ್ದರೆ, ನಾವು ಹೇಳದೆ ಬಿಟ್ಟುದನ್ನು ಮನೆಯ ಒಲೆಯನ್ನೋ, ಪಂಚಾಂಗವನ್ನೋ, ಮುಖವನ್ನೋ ನೋಡಿ ಊಹಿಸಿಯಾನು. ದೂರದಲ್ಲಿರುವವನಿಗೆ ನಾವು ತೋರಿಸಿದಷ್ಟೇ ಕಾಣುವುದು, ಹೇಳಿದಷ್ಟೇ ಕೇಳುವುದು. ಹಸ್ತಿನಾವತಿಯಲ್ಲಿ ಕುಳಿತು ಕುರುಕ್ಷೇತ್ರವನ್ನೆಲ್ಲ ಕಂಡ ಸಂಜಯನು ಸಹ ಅಲ್ಲಿ ಬಿದ್ದವನೊಬ್ಬನ ಬಾಯಿಗೆ ಒಂದು ಗುಟುಕು ನೀರನ್ನು ಬಿಡಲಾರನು. ಅದಕ್ಕೆ ಹತ್ತಿರದ ಒಂದು ಕೈ ಬೇಕು. ಆ ಕೈಯನ್ನು ತೆಗೆದುಬಿಟ್ಟು ಯಂತ್ರವನ್ನು ಮಾತ್ರ ಇಟ್ಟರೆ, ನಾಲ್ಕು ಕಾಲಿನ ಮಂಚದ ಒಂದು ಕಾಲನ್ನು ಕಡಿದಂತಾಗುವುದು.

ದ್ವಾದಶಿಯ ಬೆಳಗ್ಗೆ ಮಳೆ ನಿಂತು ಬೆಟ್ಟವು ತೊಳೆದಿಟ್ಟಂತೆ ಕಾಣಿಸಿತು. ಸಂಪರ್ಕವು ಮರಳಿದ ಕೂಡಲೇ ಹುಡುಗಿಯು ವೈದ್ಯರನ್ನು ಕರೆದಳು. ಅವರು ಎಲ್ಲವನ್ನೂ ಕೇಳಿ, ಆ ಮಾತ್ರೆಯನ್ನು ನಿಲ್ಲಿಸಿ, "ದೇವರ ವ್ರತ ಬಿಡಿ ಎಂದು ನಾನು ಹೇಳಲಿಲ್ಲ ಅಮ್ಮ, ಹೇಳಿ ಮಾಡಿ ಎನ್ನುತ್ತೇನೆ. ಹಿಂದಿನ ದಿನವೇ ಹೇಳಿದರೆ ಅದಕ್ಕೆ ತಕ್ಕ ಏರ್ಪಾಟು ಮಾಡಬಹುದು. ಬರಿಹೊಟ್ಟೆ ಮಾತ್ರ ಇನ್ನು ಬೇಡ" ಎಂದರು. ಅಕ್ಕಯ್ಯನು ಮಗುವಿನಂತೆ ತಲೆಯಾಡಿಸಿದಳು.

ಬೆಟ್ಟವನ್ನು ತೋರಿಸಿ ನಾವು, ಅಲ್ಲಿಯ ಸೋಲಿಗರ ಪೋಡುಗಳಲ್ಲಿಯೂ ಈ ಅನುಕೂಲವುಂಟೇ ಎಂದು ಹುಡುಗಿಯನ್ನು ಕೇಳಿದೆವು. ಕಾಡಿನ ಒಳಗೆ ಎಷ್ಟೋ ಕಡೆ ಸಂಪರ್ಕವೇ ಸಿಕ್ಕುವುದಿಲ್ಲವೆಂದಳು. ಸೋಲಿಗರ ಹೆಣ್ಣಾದ ಕುಸುಮಾಲೆಯನ್ನು ವರಿಸಿದನಾದುದರಿಂದ ಅವರಿಗೆ ರಂಗನಾಥನು ಭಾವನಾಗಬೇಕು. ಅಂಥ ನೆಂಟಸ್ತಿಕೆಯಿದ್ದವರಿಗೂ ವೈದ್ಯನು ದೂರವಾಗಿಯೇ ಇದ್ದನು. ೧೯೮೧ರಲ್ಲಿ ಡಾಕ್ಟರ್ ಸುದರ್ಶನರು ಆ ಬೆಟ್ಟದಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಕಟ್ಟಿ ಅವರ ನಡುವೆಯೇ ನೆಲಸಿದರು. ನಮ್ಮ ತಾಯಿಯವರು ತೀರಿಕೊಂಡ ವರುಷವೇ ಅದು. ಬೆಟ್ಟದ ಮೇಲೆ ಒಬ್ಬ ವೈದ್ಯರು ತಾವಾಗಿ ಬಂದು ನೆಲೆ ನಿಂತ ಆ ವರುಷದಲ್ಲಿ, ಬೆಟ್ಟದ ಬುಡದ ನಮಗೆ ಒಬ್ಬರೂ ಸಿಕ್ಕಲಿಲ್ಲ. ತಂತಿಯು ಹೋಗದ ಎಡೆಗೆ ಮನುಷ್ಯನೇ ಹೋಗಬೇಕಾಗುವುದು; ಮನುಷ್ಯರು ಸಾಲದ ಎಡೆಗೆ ತಂತಿಯು ನೆರವಾಗಬೇಕು. ಎರಡೂ ಬೇಕು.

ಸಂಜೆ ತುಲಸಿಯ ಕಟ್ಟೆಗೆ ನೆಲ್ಲಿಯ ಕೊಂಬೆಯನ್ನು ನೆಟ್ಟು ದೀಪಗಳನ್ನು ಹಚ್ಚಿದೆವು. ಅಕ್ಕಯ್ಯನು ಆ ಹುಡುಗಿಯನ್ನು ಕರೆಸಿ, ಮಣೆಯ ಮೇಲೆ ಕೂರಿಸಿ, ಅರಿಸಿನ ಕುಂಕುಮವನ್ನು ಕೊಟ್ಟು, ತನಗೆ ಮಗನು ತಂದಿದ್ದ ಹೊಸ ಸೀರೆಯನ್ನು ಮಡಿಲಿಗಿಟ್ಟಳು. ಅನಂತರ ನಮ್ಮ ಕಡೆಗೆ ತಿರುಗಿ, "ಈಗ ಹೇಳು, ಬಟ್ಟೆ ಕಟ್ಟಲೇ?" ಎಂದಳು. ರಾತ್ರಿಯ ಭಯವು ಇನ್ನೂ ಎದೆಯಲ್ಲಿದ್ದಿತು. ಆದರೂ ಕಟ್ಟು ಎನ್ನಲು ನಾಲಗೆಯು ಏಳಲಿಲ್ಲ. ಮೈಸೂರಿನ ನಮ್ಮ ಬೀದಿಯಲ್ಲಿ ಮೂರು ಆಸ್ಪತ್ರೆಗಳಿರುವುವು. ಮಳೆಯ ರಾತ್ರಿಯಲ್ಲಿ ಗೋಡೆಗೊರಗಿ ಕೂರುವವರು ಎಷ್ಟು ಮಂದಿ? ಮೂರು ಕರಾರುಗಳ ಮೇಲೆ ಅವಳನ್ನು ಅಲ್ಲಿಯೇ ಬಿಡಲು ಒಪ್ಪಿದೆವು. ವೈದ್ಯರಿಗೆ ಏನನ್ನೂ ಮರೆಮಾಚಕೂಡದು. ಪಕ್ಕದ ಮನೆಯ ಹುಡುಗಿಯು ರಾತ್ರಿ ಜೊತೆಗೆ ಮಲಗತಕ್ಕುದು. ವೈದ್ಯರು ಬಾ ಎಂದ ದಿನ ಮರುಮಾತಿಲ್ಲದೆ ಜಿಲ್ಲಾಸ್ಪತ್ರೆಗೆ ಹೋಗತಕ್ಕುದು.

ಮನೆಗಳಲ್ಲಿ ಹಿರಿಯರಿರುವ ಗೃಹಸ್ಥರಿಗೆ ಈ ಯಾತ್ರೆಯಿಂದ ನಾವು ಕಲಿತ ನಾಲ್ಕು ಮಾತುಗಳನ್ನು ಹೇಳುವುದು ಅನುಚಿತವಾಗಲಾರದು. ದೂರದ ವೈದ್ಯರೊಡನೆ ಮಾತನಾಡುವ ಮೊದಲು ಸೇವಿಸುತ್ತಿರುವ ಎಲ್ಲ ಔಷಧಗಳನ್ನೂ, ಕಷಾಯ ಲೇಹ್ಯಗಳನ್ನೂ ಸಹ, ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಿರಿ. ವೈದ್ಯರ ಹೆಸರನ್ನೂ ನೋಂದಣಿಯ ಸಂಖ್ಯೆಯನ್ನೂ ಕೇಳಲು ಸಂಕೋಚಪಡಬೇಡಿರಿ; ೨೦೨೦ರ ಮಾರ್ಚಿಯಲ್ಲಿ ಸರ್ಕಾರವು ಹೊರಡಿಸಿದ ನಿಯಮಗಳ ಪ್ರಕಾರ ಅದನ್ನು ತಿಳಿಸುವುದು ಅವರ ಕರ್ತವ್ಯ. ವ್ಯಸನಕ್ಕೆ ಎಡೆಗೊಡುವ ಕೆಲವು ಔಷಧಗಳನ್ನು ದೂರದಿಂದ ಬರೆಯಕೂಡದೆಂದೂ ಅದೇ ನಿಯಮಗಳಲ್ಲಿರುವುದು. ಎದೆನೋವು, ಉಬ್ಬಸ, ಪ್ರಜ್ಞೆ ತಪ್ಪುವುದು ಇಂಥವುಗಳಲ್ಲಿ ತೆರೆಯ ಮುಂದೆ ಕುಳಿತು ಕಾಲವನ್ನು ಕಳೆಯದೆ ೧೦೮ನ್ನು ಕರೆದು ಆಸ್ಪತ್ರೆಗೆ ಹೊರಡಿರಿ. ಮನಸ್ಸಿನ ಕಳವಳಕ್ಕೆ, ೨೦೨೨ರಲ್ಲಿ ಆರಂಭವಾದ ಟೆಲಿ ಮಾನಸದ ೧೪೪೧೬ ಎಂಬ ಸಂಖ್ಯೆಯುಂಟು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೇ ಅದಕ್ಕೆ ಕೇಂದ್ರಸ್ಥಾನ. ಎಲ್ಲಕ್ಕೂ ಮಿಗಿಲಾಗಿ, ಹಿರಿಯರು ಮುಚ್ಚಿಟ್ಟ ಮಾತನ್ನು ಪಕ್ಕದಲ್ಲಿ ಕುಳಿತ ನೀವು ವಿನಯದಿಂದ ಹೇಳಿಬಿಡಿರಿ. ಅದು ಅವಿಧೇಯತೆಯಲ್ಲ.

ತ್ರಯೋದಶಿಯ ದಿನ ಬರಿಯ ಚೀಲವನ್ನು ಹಿಡಿದು ಮೈಸೂರಿಗೆ ಮರಳಿದೆವು. ಬರಿಯದೆಂದರೆ ತಪ್ಪಾದೀತು, ಅದರ ತುಂಬ ಅಕ್ಕಯ್ಯನು ನೆಲ್ಲಿಕಾಯಿಗಳನ್ನು ತುಂಬಿದ್ದಳು. ಬೀದಿಯ ಕಡೆಯ ಕೊಠಡಿಯು ಹಾಗೆಯೇ ಇರುವುದು; ನಮ್ಮ ಮನೆಯವರು ವಾರಕ್ಕೊಮ್ಮೆ ಅದನ್ನು ಗುಡಿಸುವರು. ಈಗ ಪ್ರತಿ ದಶಮಿಯ ಸಂಜೆಯೂ ನಾವು ಅಕ್ಕಯ್ಯನನ್ನು ದೂರವಾಣಿಯಲ್ಲಿ ಕರೆದು, "ನಾಳೆ ಏನು ತಿನ್ನುತ್ತೀ?" ಎಂದು ಕೇಳುವೆವು. ಅವಳು, "ಎರಡು ಬಾಳೆಹಣ್ಣು, ಒಂದು ಲೋಟ ಹಾಲು, ಅವಲಕ್ಕಿ. ಆ ಮಗುವಿಗೂ ಹೇಳಿದ್ದೀನಿ, ಡಾಕ್ಟರಿಗೂ ಹೇಳಿದ್ದೀನಿ. ಸಾಕೇನೋ ಮೇಷ್ಟ್ರೇ?" ಎನ್ನುವಳು. ಸಾಕೆಂದು ಹೇಳಿ ಇಡುವೆವು.